ಟ್ರಿಪ್ ಆದ ರಿಲೇದ ಕಿವಿ ಹಿಂಡಬೇಡ್ರಿ

ರಂದಾ ಮಷಿನ್ ಹತ್ತು ನಿಮಿಷ ಓಡಿ ಬಂದ್ ಆಯಿತೆಂದರೆ ಹುಬ್ಬಳ್ಳಿ ಬಡಿಗ್ಯಾರದ್ದು ಒಂದೇ ಮಾತು: "ರಿಲೇ ಕೆಟ್ಟದ್ರಿ, ತಗದು ಡೈರೆಕ್ಟ್ ಹಾಕಿಬಿಡ್ರಿ." ರಿಲೇ ಎಂದರೆ ಕರೆಂಟ್ ಹೆಚ್ಚಾದಾಗ ಮೋಟರನ್ನು ಬಂದ್ ಮಾಡುವ ಸಾಧನ. ಇನ್ನು ಕೆಲವರು ಯಾರನ್ನೂ ಕೇಳದೆ ಅದರ ಡಯಲನ್ನು 5 ಆಂಪಿಯರಿನಿಂದ 8ಕ್ಕೆ ತಿರುವಿರುತ್ತಾರೆ. ಆಮೇಲೆ ಟ್ರಿಪ್ ಆಗುವುದಿಲ್ಲ, ನಿಜ. ಮೋಟರ್ ವೈಂಡಿಂಗಿನ ವಾರ್ನಿಷ್ ಸುಟ್ಟ ವಾಸನೆ ಬರುತ್ತದೆ, ಅಷ್ಟೇ.

ಸ್ಟಾರ್ಟರಿನಲ್ಲಿರುವ ಓವರ್‌ಲೋಡ್ ರಿಲೇಗೆ ಮೋಟರ್ ಎಷ್ಟು ಕಾದಿದೆ ಎಂಬುದು ಗೊತ್ತೇ ಆಗದು. ಅದು ತನ್ನೊಳಗೆ ಹರಿಯುವ ಕರೆಂಟಿಗಷ್ಟೇ ಕಾಯುತ್ತದೆ. ಮೋಟರ್ ಮುಟ್ಟಲಾಗದಷ್ಟು ಬಿಸಿ, ಕರೆಂಟ್ ಮಾತ್ರ ಸರಿ ಎಂದಾದರೆ ಮೇನ್ ಆಫ್ ಮಾಡಿ ಫ್ಯಾನ್ ಕವರ್ ಬಿಚ್ಚಿ ನೋಡಿ, ಹೊಟ್ಟು ಮೆತ್ತಿರುತ್ತದೆ. ಬ್ರಶ್ಶಿನಿಂದ ಅದನ್ನು ಉಜ್ಜಿ ತೆಗೆಯಿರಿ. ರಿಲೇ ಟ್ರಿಪ್ ಆಗಿದ್ದರೆ ದಾರಿ ಬೇರೆ: ಸಾಮಾನ್ಯವಾಗಿ ಮೋಟರ್ ಹೆಚ್ಚು ಕರೆಂಟ್ ಎಳೆಯುತ್ತಿದೆ.

ಎಷ್ಟು ಹೆಚ್ಚು? ವೈರಿನ ಸುತ್ತ ಹಿಡಿದು ಕರೆಂಟ್ ಅಳೆಯುವ ಟಾಂಗ್ ಟೆಸ್ಟರ್ ಹಾಕಿ, ಒಂದು ಸಲಕ್ಕೆ ಒಂದೇ ವೈರಿಗೆ. 3 ಎಚ್‌ಪಿ ಥ್ರೀ ಫೇಸ್ ಮೋಟರ್ ಸಾಮಾನ್ಯವಾಗಿ 5 ಆಂಪಿಯರ್ ಆಸುಪಾಸು. ಪಕ್ಕಾ ಅಂಕಿ ನೇಮ್‌ಪ್ಲೇಟಿನಲ್ಲೇ ಇದೆ. ಡಿಒಎಲ್ (ಮೋಟರನ್ನು ನೇರವಾಗಿ ಲೈನಿಗೆ ಜೋಡಿಸುವ) ಸ್ಟಾರ್ಟರಿಗೆ ಅದೇ ಸೆಟ್ಟಿಂಗ್. ಮೊದಲು ಸ್ಟಾರ್, ಆಮೇಲೆ ಡೆಲ್ಟಾ ಜೋಡಣೆಯಲ್ಲಿ ಓಡಿಸುವ ಸ್ಟಾರ್-ಡೆಲ್ಟಾ ಸ್ಟಾರ್ಟರಿನಲ್ಲಿ ರಿಲೇ ಲೈನಿನಲ್ಲಿರದೆ ಮೋಟರ್ ವೈಂಡಿಂಗಿಗೆ ಹೋಗುವ ವೈರಿನಲ್ಲಿದ್ದರೆ ಆ ಅಂಕಿಯನ್ನು 0.58ರಿಂದ ಗುಣಿಸಬೇಕು, ನೇಮ್‌ಪ್ಲೇಟಿನಲ್ಲಿ 14 ಇದ್ದರೆ 8.1. ಇಲ್ಲೇ ಬಹಳ ಮಂದಿ ತಪ್ಪುತ್ತಾರೆ.

ಒಂದು ವೈರಿನಲ್ಲಿ ಸೊನ್ನೆ, ಉಳಿದೆರಡರಲ್ಲಿ ಹೆಚ್ಚು ಬಂದರೆ ಫೇಸ್ ಹೋಗಿದೆ, ಕೂಡಲೇ ನಿಲ್ಲಿಸಿ. ಮೂರೂ ಸಮ ಇದ್ದು ಕಟ್ಟಿಗೆ ಕೊಟ್ಟಾಗ ಮಾತ್ರ ಏರಿದರೆ ಬ್ಲೇಡ್ ಮೊಂಡ, ಇಲ್ಲವೇ ಒಂದೇ ಏಟಿಗೆ 3 ಎಂಎಂ ತೆಗೆಯುವ ಅವಸರ. ಹಸಿ ಸಾಗವಾನಿಯಾದರೆ ಇನ್ನೂ ಕಷ್ಟ. ಖಾಲಿ ಓಡುವಾಗಲೇ ಹೆಚ್ಚಿದ್ದರೆ ಬೆಲ್ಟ್ ತೆಗೆದು ಇನ್ನೊಮ್ಮೆ ಅಳೆಯಿರಿ. ಇಳಿಯಿತೇ? ಬೆಲ್ಟ್ ಬಿಗಿ ಅಥವಾ ಮಷಿನ್ನಿನ ಬೇರಿಂಗ್. ಇಳಿಯಲಿಲ್ಲವೇ? ಮೋಟರ್ ರಿಪೇರಿಗೆ.

ಸಿಂಗಲ್ ಫೇಸಿನವರಿಗೆ ಒಂದು ಮಾತು. 30 ಮೀಟರ್ ದೂರದಿಂದ 1 ಚದರ ಎಂಎಂ ತಾಮ್ರದ ವೈರ್ ಎಳೆದು 2 ಎಚ್‌ಪಿ ಓಡಿಸಿದರೆ, ಓಡುವಾಗಲೇ 13 ವೋಲ್ಟ್ ವೈರಿನಲ್ಲಿ ಕಳೆದುಹೋಗುತ್ತದೆ, ಸ್ಟಾರ್ಟ್ ಆಗುವಾಗ 50ರ ಹತ್ತಿರ. ವೋಲ್ಟೇಜ್ ಇಳಿದರೆ ಮೋಟರ್ ಇನ್ನೂ ಹೆಚ್ಚು ಕರೆಂಟ್ ಎಳೆಯುತ್ತದೆ. ತಾಮ್ರದ 2.5 ಹಾಕಿದರೆ 13 ಇದ್ದದ್ದು ಸುಮಾರು 5ಕ್ಕೆ ಇಳಿಯುತ್ತದೆ.

ರಿಲೇ ಕೆಡುವುದೇ ಇಲ್ಲ ಎನ್ನಲಾರೆ. ಟರ್ಮಿನಲ್ ಸ್ಕ್ರೂ ಸಡಿಲಿದ್ದರೆ ಆ ಬಿಸಿಗೇ ಅದು ಟ್ರಿಪ್ ಆಗಬಹುದು. ಆದರೆ ಅದನ್ನು ಬಿಗಿ ಮಾಡಲು ಡಯಲ್ ತಿರುವುವ ಕೆಲಸವಿಲ್ಲ.