ರಾಜನ ಮುಖದ ಮೇಲೆ ಡ್ರ್ಯಾಗನ್ ಯಾಕಿತ್ತು?

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಕಬ್ಬಿಣದ ಒಂದು ಶಿರಸ್ತ್ರಾಣ ಇದೆ. ಅದರ ಫೋಟೋ ಸಿಕ್ಕರೆ ಒಂದೆರಡು ನಿಮಿಷ ಸುಮ್ನೆ ನೋಡ್ತಾ ಇರಿ. ಮೊದಲು ಕಾಣುವುದು ಮನುಷ್ಯನ ಮುಖ. ಆಮೇಲೆ ನಿಧಾನಕ್ಕೆ ಹುಬ್ಬುಗಳು ರೆಕ್ಕೆಯಾಗುತ್ತವೆ, ಮೂಗು ಮೈಯಾಗುತ್ತದೆ, ಮೀಸೆ ಬಾಲವಾಗುತ್ತದೆ, ರೆಕ್ಕೆ ಬಿಚ್ಚಿ ಮೇಲಕ್ಕೆ ಹಾರುತ್ತಿರುವ ಡ್ರ್ಯಾಗನ್ ಒಂದು ಕಣ್ಣಿಗೆ ಬೀಳುತ್ತದೆ. ಒಮ್ಮೆ ಕಂಡ ಮೇಲೆ ಅದು ಮತ್ತೆ ಮರೆಯಾಗುವುದಿಲ್ಲ.

ಇದು 1939ರಲ್ಲಿ ಇಂಗ್ಲೆಂಡಿನ ಸಫೋಕ್‌ನ ಸಟನ್ ಹೂ ಎಂಬಲ್ಲಿ ಸಿಕ್ಕಿದ್ದು. ಮಣ್ಣಿನ ದಿಬ್ಬದ ಕೆಳಗೆ ಇಡೀ ಹಡಗನ್ನೇ ಹೂತು ಮಾಡಿದ್ದ ಸಮಾಧಿ ಅದು, ಏಳನೇ ಶತಮಾನದ ಶುರುವಿನದು, ಬಹುಶಃ ಒಬ್ಬ ರಾಜನದು. ಶಿರಸ್ತ್ರಾಣ 500ಕ್ಕೂ ಜಾಸ್ತಿ ಚೂರುಗಳಾಗಿತ್ತು. ಹುಬ್ಬಿನ ಅಂಚಿನಲ್ಲಿ ಕೆಂಪು ಗಾರ್ನೆಟ್ ಹರಳುಗಳಿವೆ. ಒಂದು ಹುಬ್ಬಿನ ಹರಳುಗಳ ಹಿಂದೆ ತೆಳು ಚಿನ್ನದ ತಗಡು ಇದೆ, ಇನ್ನೊಂದರ ಹಿಂದೆ ಇಲ್ಲ. ತಗಡು ಬೆಳಕನ್ನು ತಿರುಗಿಸಿ ಕಳಿಸುತ್ತದೆ. ಹಾಗಾಗಿ ಒಲೆಯ ಬೆಂಕಿ ಮಾತ್ರ ಇದ್ದ ಸಭೆಯಲ್ಲಿ ಒಂದು ಹುಬ್ಬು ಕೆಂಡದ ಹಾಗೆ ಹೊಳೆದು, ಇನ್ನೊಂದು ಕತ್ತಲಲ್ಲೇ ಉಳಿದಿರಬೇಕು. ಆ ಕಾಲದ ಯುರೋಪಿನ ಒಡವೆಗಳಲ್ಲಿರುವ ಗಾರ್ನೆಟ್‌ಗಳ ರಾಸಾಯನಿಕ ಪರೀಕ್ಷೆ ಮಾಡಿದಾಗ, ಅವುಗಳಲ್ಲಿ ಬಹಳಷ್ಟು ಭಾರತ ಮತ್ತು ಶ್ರೀಲಂಕಾದಿಂದ ಹೋದವು ಅಂತ ಗೊತ್ತಾಗಿದೆ. ಎಷ್ಟು ದೂರದ ಪಯಣ, ಅಲ್ವಾ?

ನನ್ನನ್ನು ಕಾಡುವ ಪ್ರಶ್ನೆ ಬೇರೆ. ಆ ಕಾಲದ ಇಂಗ್ಲೆಂಡಿನ ಜನರಾದ ಆಂಗ್ಲೋ-ಸ್ಯಾಕ್ಸನ್ನರ ಕಥೆಗಳಲ್ಲಿ ಡ್ರ್ಯಾಗನ್ ಒಳ್ಳೆಯ ಪ್ರಾಣಿಯೇನಲ್ಲ. ಅವರು ಅದನ್ನು 'ಡ್ರಾಕಾ' ಅನ್ನುತ್ತಿದ್ದರು, 'ವ್ಯುರ್ಮ್' ಅಂತಲೂ ಅನ್ನುತ್ತಿದ್ದರು. ಹುಳುವಿಗೆ ಇವತ್ತು ಇಂಗ್ಲಿಷಿನಲ್ಲಿರುವ 'ವರ್ಮ್' ಎಂಬ ಮಾತು ಅದೇ. ಡರ್ಬಿಶೈರಿನಲ್ಲಿ ಡ್ರೇಕ್‌ಲೋ ಎಂಬ ಊರಿದೆ, ಹತ್ತನೇ ಶತಮಾನದ ದಾಖಲೆಯಲ್ಲೇ ಅದರ ಹೆಸರು ಬರುತ್ತದೆ, ಅರ್ಥ 'ಡ್ರ್ಯಾಗನ್ನಿನ ದಿಬ್ಬ'. ಹಳೆಯ ಸಮಾಧಿ ದಿಬ್ಬ ಕಂಡರೆ ಒಳಗೆ ನಿಧಿ ಇದೆ, ಅದರ ಮೇಲೆ ಡ್ರ್ಯಾಗನ್ ಮಲಗಿದೆ ಎಂಬ ಕಲ್ಪನೆ ಅವರದು.

ಹಳೆ ಇಂಗ್ಲಿಷಿನ ನಾಣ್ಣುಡಿಗಳ ಪದ್ಯವೊಂದರಲ್ಲಿ ಮೂರು ಮಾತು ಒಂದರ ಹಿಂದೆ ಒಂದು ಬರುತ್ತವೆ. ಡ್ರ್ಯಾಗನ್ ಇರಬೇಕಾದದ್ದು ದಿಬ್ಬದಲ್ಲಿ, ಮುದಿಯಾಗಿ, ತನ್ನ ಒಡವೆಗಳ ಹೆಮ್ಮೆಯಲ್ಲಿ. ಮೀನು ನೀರಲ್ಲಿ ಮರಿ ಮಾಡಬೇಕು. ರಾಜ ಸಭೆಯಲ್ಲಿ ಉಂಗುರ ಹಂಚಬೇಕು. ನನಗೆ ಇಲ್ಲೇ ಉತ್ತರ ಇದೆ ಅನ್ನಿಸುತ್ತದೆ. ಇಬ್ಬರ ಬಳಿಯೂ ಇರುವುದು ಅದೇ ಚಿನ್ನ. ಹಂಚಿದರೆ ರಾಜ, ಅದರ ಮೇಲೆ ಮಲಗಿದರೆ ಡ್ರ್ಯಾಗನ್. ಜೊತೆಗಿದ್ದ ಯೋಧರು ನಿಷ್ಠೆಯಿಂದ ಉಳಿಯುತ್ತಿದ್ದದ್ದು ಆ ಹಂಚಿಕೆಯ ಬಲದಿಂದ. ಡ್ರ್ಯಾಗನ್ನಿನ ಶಕ್ತಿ ರಾಜನಿಗೆ ಬೇಕಿತ್ತು, ಅದರ ಜಿಪುಣತನ ಬೇಕಿರಲಿಲ್ಲ.

ಹಳೆ ಇಂಗ್ಲಿಷಿನದೇ ಆದ 'ಬಿಯೊವುಲ್ಫ್' ಕಾವ್ಯದಲ್ಲಿ ರಾಜ ಮತ್ತು ಡ್ರ್ಯಾಗನ್ ಎದುರುಬದುರಾಗುತ್ತಾರೆ. 300 ವರ್ಷ ನಿಧಿ ಕಾಯ್ದ ಡ್ರ್ಯಾಗನ್, ಯಾರೋ ಒಬ್ಬ ಒಂದು ಬಟ್ಟಲು ಕದ್ದ ಅಂತ ಊರೂರೇ ಸುಡುತ್ತದೆ. 50 ವರ್ಷ ಆಳಿದ ಮುದಿ ರಾಜ ಬಿಯೊವುಲ್ಫ್ ಅದರ ಜೊತೆ ಕಾದಾಡುತ್ತಾನೆ, ಇಬ್ಬರೂ ಸಾಯುತ್ತಾರೆ. ಸಾಯುವಾಗ ಅವನಿಗೆ ಒಂದು ಸಮಾಧಾನ, ಈ ಚಿನ್ನ ತನ್ನ ಜನರಿಗೆ ಸಿಕ್ಕಿತು ಅಂತ. ಆದರೆ ಜನ ಡ್ರ್ಯಾಗನ್ನನ್ನು ಬಂಡೆಯ ಮೇಲಿಂದ ಸಮುದ್ರಕ್ಕೆ ತಳ್ಳಿ, ರಾಜನಿಗೆ ಕಡಲಂಚಿನಲ್ಲಿ ಹೊಸ ದಿಬ್ಬ ಕಟ್ಟಿ, ಆ ಚಿನ್ನವನ್ನು ಅವನ ಜೊತೆಗೇ ಮಣ್ಣಿಗಿಡುತ್ತಾರೆ. ಮೊದಲಿನ ಹಾಗೇ ಯಾರಿಗೂ ಉಪಯೋಗವಿಲ್ಲದೆ ಅದು ಇನ್ನೂ ಅಲ್ಲೇ ಇದೆ, ಅನ್ನುತ್ತಾನೆ ಕವಿ.