ಹ್ಯಾರಿ ಪಾಟರ್ ಮೂಲೆ ಸೇರಿಲ್ಲ

ಪ್ರಶ್ನೆ: ಹ್ಯಾರಿ ಪಾಟರ್ ಪಾತ್ರ ಮಾಡಿದ ಹುಡುಗ ಈಗ ಎಲ್ಲಿದ್ದಾನೆ? ಆಮೇಲೆ ಅವಕಾಶವೇ ಸಿಗದೆ ಮೂಲೆ ಸೇರಿದನಂತೆ, ಹೌದಾ?

ಈ ಸಲ ಕೇಳಿದವರು ತೀರ್ಥಹಳ್ಳಿಯವರು. ಹಿಂದೆ ಸಾಗರದಿಂದ ಬಂದಿತ್ತು, ಶಿವಮೊಗ್ಗದಿಂದ ಎರಡು ಸಲ. ಮಳೆ ರಜೆ ಕೊಟ್ಟು ಮಕ್ಕಳು ಟಿವಿ ಮುಂದೆ ಕೂತರೆ ಸಾಕು, ಈ ಪ್ರಶ್ನೆ ಬಂತು ಅಂತಲೇ ಲೆಕ್ಕ. ಇವತ್ತು ಪೂರ್ತಿ ಹೇಳುತ್ತೇನೆ, ತೆಗೆದಿಟ್ಟುಕೊಳ್ಳಿ.

ಡೇನಿಯಲ್ ರಾಡ್‌ಕ್ಲಿಫ್ ಹುಟ್ಟಿದ್ದು 1989ರಲ್ಲಿ. 2001ರಿಂದ 2011ರವರೆಗೆ ಎಂಟು ಸಿನಿಮಾಗಳಲ್ಲಿ ಹ್ಯಾರಿ ಆದರು. ಇದು ಎಲ್ಲರಿಗೂ ಗೊತ್ತು.

ಇನ್ನು ಆ 'ಮೂಲೆ ಸೇರಿದ' ಮಾತು. ಇದು ಶುದ್ಧ ಸುಳ್ಳು. ಕೊನೆಯ ಸಿನಿಮಾ ತೆರೆಗೆ ಬಂದದ್ದು 2011ರ ಜುಲೈನಲ್ಲಿ. ಆಗ ಅವರು ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಒಂದು ಸಂಗೀತ ನಾಟಕದಲ್ಲಿ ಹಾಡಿ ಕುಣಿಯುತ್ತಿದ್ದರು. ಕೈಕಾಲಿನ ಚಲನೆ ಹೇಳಿದ ಹಾಗೆ ಕೇಳದ ಡಿಸ್ಪ್ರಾಕ್ಸಿಯಾ ತೊಂದರೆ ಅವರಿಗೆ ಸ್ವಲ್ಪ ಮಟ್ಟಿಗೆ ಇದೆ. ಶೂ ಲೇಸ್ ಕಟ್ಟುವುದೂ ಕಷ್ಟ ಅಂತ ಅವರೇ ಹೇಳಿದ್ದಾರೆ. ಅಂಥವರು ಕುಣಿತ ಕಲಿತು ರಂಗಕ್ಕೆ ಹತ್ತಿದರು. ಅದಕ್ಕೂ ಮೊದಲು, 2007ರಲ್ಲಿ, ಇನ್ನೂ ಹ್ಯಾರಿ ಆಗಿರುವಾಗಲೇ ಲಂಡನ್ನಿನಲ್ಲಿ 'ಈಕ್ವಸ್' ನಾಟಕ ಮಾಡಿದ್ದರು. ನಡುವೆ ಬಿಡುವು ಎಲ್ಲಿದೆ ಹೇಳಿ?

ಸಿನಿಮಾನೂ ನಿಲ್ಲಲಿಲ್ಲ. 2012ರಲ್ಲಿ ದೆವ್ವದ ಕಥೆಯ 'ದಿ ವುಮನ್ ಇನ್ ಬ್ಲ್ಯಾಕ್'. 2016ರಲ್ಲಿ 'ಸ್ವಿಸ್ ಆರ್ಮಿ ಮ್ಯಾನ್', ಅದರಲ್ಲಿ ಸಮುದ್ರದ ದಡಕ್ಕೆ ತೇಲಿ ಬಂದ ಹೆಣದ ಪಾತ್ರ. ಹೀರೋ ಆಗಿ ದುಡ್ಡು ಮಾಡಿದವರು ಎಷ್ಟು ಜನ ಹೆಣವಾಗಲು ಒಪ್ಪುತ್ತಾರೆ? ನನಗೆ ಅವರ ಮೇಲೆ ಗೌರವ ಜಾಸ್ತಿ ಆದದ್ದೇ ಅಲ್ಲಿ.

2024ರಲ್ಲಿ 'ಮೆರಿಲಿ ವಿ ರೋಲ್ ಅಲಾಂಗ್' ಸಂಗೀತ ನಾಟಕದ ಪಾತ್ರಕ್ಕೆ ಅವರಿಗೆ ಟೋನಿ ಪ್ರಶಸ್ತಿ ಬಂತು. ಅಮೆರಿಕದ ರಂಗಭೂಮಿಯಲ್ಲಿ ಅದಕ್ಕಿಂತ ದೊಡ್ಡದಿಲ್ಲ. ಆ ನಾಟಕದಲ್ಲಿ ಅವರ ಪಾತ್ರಕ್ಕೆ ಒಂದು ಹಾಡಿದೆ. ಟಿವಿ ಸಂದರ್ಶನಕ್ಕೆ ಕೂತವನಿಗೆ ಗೆಳೆಯನ ಮೇಲಿನ ಸಿಟ್ಟು ಉಕ್ಕಿ ಬರುತ್ತದೆ. ಉಸಿರು ಬಿಡದೆ ಹಾಡುತ್ತಾ, ನಡುವೆ ಫೋನಿನ ಸದ್ದು, ಬಜರಿನ ಸದ್ದು ಎಲ್ಲವನ್ನೂ ಬಾಯಲ್ಲೇ ಮಾಡಬೇಕು.

ನಾಟಕ ನಮ್ಮ ಟಿವಿಗೆ ಬರುವುದಿಲ್ಲ, ಅದಕ್ಕೇ ಕಾಣೆಯಾದರು ಅಂದುಕೊಳ್ಳುತ್ತೇವೆ. ಆದರೆ ಹೆಗ್ಗೋಡಿನ ನೀನಾಸಂ ಇರುವ ಜಿಲ್ಲೆಯವರು ನಾವು. ಮೇಳದ ಜೊತೆ ತಿರುಗಾಟಕ್ಕೆ ಹೋದ ಯಕ್ಷಗಾನ ಕಲಾವಿದರನ್ನು ಯಾರಾದರೂ ಕೆಲಸ ಇಲ್ಲದವರು ಅನ್ನುತ್ತೇವಾ? ರಂಗ ಹತ್ತಿದವರನ್ನು 'ಮೂಲೆ ಸೇರಿದ' ಅನ್ನುವ ಮಾತು ಬೇರೆ ಊರಿನವರ ಬಾಯಲ್ಲಿ ಬರಲಿ, ನಮ್ಮ ಬಾಯಲ್ಲಿ ಬೇಡ.

ಹಾಗಾದರೆ ನಿಜವಾಗಿಯೂ ನಟನೆ ಬಿಟ್ಟ ಬಾಲನಟರು ಸೋತವರಾ? ಇದನ್ನು ಯಾರೂ ಕೇಳಿಲ್ಲ, ಆದರೂ ಹೇಳಬೇಕು ಅನಿಸುತ್ತಿದೆ. ನಮ್ಮ ಆಗುಂಬೆಯಲ್ಲೇ ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ತೆಗೆದಾಗ ಸ್ವಾಮಿ ಆಗಿದ್ದವರು ಮಾಸ್ಟರ್ ಮಂಜುನಾಥ್. ಅವರು ದೊಡ್ಡವರಾದ ಮೇಲೆ ಓದಿ, ನಟನೆ ಬಿಟ್ಟು, ಬೇರೆ ಉದ್ಯೋಗ ಹಿಡಿದರು. ತಾವೇ ಆರಿಸಿಕೊಂಡ ದಾರಿ ಅದು. ಅವರು ಮಾಡಿದ ಸ್ವಾಮಿಗೆ ಅದರಿಂದ ಏನೂ ಕಮ್ಮಿ ಆಗಿಲ್ಲ. ಬೇಕಾದರೆ ಆ ಧಾರಾವಾಹಿಯ ಚಿತ್ರೀಕರಣ ನಡೆದ ಆಗುಂಬೆಯ ದೊಡ್ಡಮನೆಗೆ ಹೋಗಿ ನೋಡಿ. ಜಗಲಿ ಹತ್ತಿದವರು ಮೊದಲು ಕೇಳುವುದು ಸ್ವಾಮಿ ಎಲ್ಲಿ ಕೂತಿದ್ದ ಅಂತ.