ಕಲ್ಲಿದ್ದಲಿಗೂ ಮೊದಲಿನ ಇದ್ದಿಲು

ಕಲ್ಲಿದ್ದಲು ಎಂಬ ಪದವನ್ನು ಬಿಡಿಸಿ ನೋಡಿ: ಕಲ್ಲು, ಇದ್ದಲು. ಕಟ್ಟಿಗೆ ಸುಟ್ಟು ಮಾಡಿದ ಇದ್ದಿಲಿಗೆ ಹೆಸರು ಮೊದಲೇ ಇತ್ತು. ನೆಲ ಅಗೆದಾಗ ಸಿಕ್ಕ ಕಪ್ಪು ಕಲ್ಲೂ ಅದರಂತೆಯೇ ಉರಿಯಿತು. ಆ ಹೆಸರಿನ ಹಿಂದೆ ಒಂದು ‘ಕಲ್ಲು’ ಇಟ್ಟರೆ ಕೆಲಸ ಮುಗಿಯಿತು. (ಇದ್ದಿಲು, ಇದ್ದಲು ಎರಡೂ ಬಳಕೆಯಲ್ಲಿವೆ, ಕಲ್ಲಿನ ಜೊತೆ ಮಾತ್ರ ಇದ್ದಲೇ ಹೆಚ್ಚು ಒಗ್ಗಿದೆ.)

ಇಂಗ್ಲಿಷಿನಲ್ಲಿ ಆದದ್ದು ತಿರುಗುಮುರುಗು. ಅಲ್ಲಿ ‘ಕೋಲ್’ ಎಂದರೆ ಮೊದಲು ಕೆಂಡ, ಇಲ್ಲವೇ ಸುಟ್ಟ ಕಟ್ಟಿಗೆಯ ತುಂಡು. 13ನೇ ಶತಮಾನದ ಹೊತ್ತಿಗೆ ಗಣಿಯ ಕಲ್ಲು ಹಡಗೇರಿ ಲಂಡನ್ನಿಗೆ ಬರತೊಡಗಿತ್ತು. ಅದಕ್ಕೆ ‘ಸೀ ಕೋಲ್’, ಅಂದರೆ ಸಮುದ್ರದ ಇದ್ದಿಲು, ಎಂಬ ಹೆಸರೂ ಬಿತ್ತು. ಬರಬರುತ್ತಾ ಸಮುದ್ರ ಉದುರಿಹೋಗಿ ಬರೀ ಕೋಲ್ ಎಂದರೆ ಆ ಕಲ್ಲೇ ಎಂದಾಯಿತು. ಮನೆಯ ಹಳೆಯ ಯಜಮಾನ ತನ್ನ ಹೆಸರನ್ನು ಬಾಡಿಗೆದಾರನಿಗೆ ಬಿಟ್ಟುಕೊಟ್ಟು ಹೊಸದನ್ನು ಹುಡುಕಬೇಕಾದ ಹಾಗೆ, ಮರದ ಇದ್ದಿಲಿಗೆ ಉಳಿದದ್ದು 14ನೇ ಶತಮಾನದಿಂದ ಕಾಣಸಿಗುವ ‘ಚಾರ್ಕೋಲ್’.

ಆ ‘ಚಾರ್’ ಎಲ್ಲಿಂದ ಬಂತೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ‘ತಿರುಗು, ಮಾರ್ಪಡು’ ಎಂಬ ಹಳೆಯ ಕ್ರಿಯಾಪದದಿಂದ ಎನ್ನುವವರಿದ್ದಾರೆ; ಹಾಗಾದರೆ ಅದು ಇದ್ದಿಲಾಗಿ ಮಾರ್ಪಟ್ಟ ಕಟ್ಟಿಗೆ. ಇದ್ದಿಲಿಗೆ ಫ್ರೆಂಚರು ಹೇಳುವ ‘ಶಾರ್ಬೋಂ’ ಇದರ ಹಿಂದಿದೆ ಎನ್ನುವವರೂ ಇದ್ದಾರೆ. ತಮಾಷೆಯೆಂದರೆ, ಸುಟ್ಟು ಕರಕಲಾಗಿಸು ಎಂಬರ್ಥದ ‘ಚಾರ್’ ಎಂಬ ಕ್ರಿಯಾಪದ ಚಾರ್ಕೋಲಿನ ತಾಯಿಯಲ್ಲ, ಮಗಳು. 17ನೇ ಶತಮಾನದಲ್ಲಿ ಈ ಪದವನ್ನೇ ಮುರಿದು ಅದನ್ನು ಮಾಡಿಕೊಂಡರು.

ಕನ್ನಡಕ್ಕೆ ಇನ್ನೊಂದು ಅನುಕೂಲವಿದೆ: ಬಿಸಿ ಇದ್ದರೆ ಕೆಂಡ, ಆರಿದರೆ ಇದ್ದಿಲು. ಸಂಸ್ಕೃತದ ‘ಅಂಗಾರ’ಕ್ಕೆ ಈ ಭೇದವಿಲ್ಲ. ದುರ್ಜನರ ಸಹವಾಸ ಅಂಗಾರದಂತೆ, ಬಿಸಿಯಿದ್ದರೆ ಸುಡುತ್ತದೆ, ತಣ್ಣಗಿದ್ದರೆ ಕೈಗೆ ಮಸಿ ಹತ್ತಿಸುತ್ತದೆ ಎಂಬ ಸುಭಾಷಿತ ನಿಂತಿರುವುದೇ ಈ ಎರಡರ್ಥದ ಮೇಲೆ. ಆ ಸೊಗಸು ಕನ್ನಡಕ್ಕೆ ತರುವುದು ಕಷ್ಟ. ಕೆಂಡ ಎಂದರೆ ಮಸಿ ಹೋಗುತ್ತದೆ, ಇದ್ದಿಲು ಎಂದರೆ ಬಿಸಿ ಹೋಗುತ್ತದೆ.

ಇದೇ ಅಂಗಾರ ಪ್ರಾಕೃತದಲ್ಲಿ ‘ಇಂಗಾಲ’ವಾಯಿತು, ಹಳಗನ್ನಡದಲ್ಲಿ ಕೆಂಡಕ್ಕೆ ‘ಇಂಗಳ’ ಎಂದರು. ಇಂಗಾಲದ ಡೈಆಕ್ಸೈಡ್ ಎಂದು ಬಾಯಿಪಾಠ ಮಾಡುವಾಗ ಅದರೊಳಗೊಂದು ಕೆಂಡ ಇದೆಯೆಂದು ನನಗಂತೂ ಹೊಳೆದಿರಲಿಲ್ಲ. ಕೆಂಪು ಗ್ರಹ ಮಂಗಳನಿಗೆ ಅಂಗಾರಕ ಎಂಬ ಹೆಸರು ಬಂದದ್ದೂ ಇದೇ ಬೇರಿನಿಂದ. ಒಂದೇ ಮಾತು ಆಕಾಶದಲ್ಲಿ ಕೆಂಪು, ಪಠ್ಯಪುಸ್ತಕದಲ್ಲಿ ಕಪ್ಪು.

ಯುರೋಪಿನವರೂ ಈ ಮೂಲವಸ್ತುವಿಗೆ ಹೆಸರಿಡುವಾಗ ಒಲೆಯ ಕಡೆಗೇ ನೋಡಿದರು. ಫ್ರೆಂಚ್ ರಸಾಯನಶಾಸ್ತ್ರಜ್ಞ ಲವಾಸಿಯೇ 1789ರಲ್ಲಿ ಪ್ರಕಟಿಸಿದ ಮೂಲವಸ್ತುಗಳ ಪಟ್ಟಿಯಲ್ಲಿರುವ ‘ಕಾರ್ಬೋನ್’ ಲ್ಯಾಟಿನ್ನಿನ ‘ಕಾರ್ಬೋ’, ಎಂದರೆ ಇದ್ದಿಲು. ಪುಟ್ಟ ಕೆಂಡ ಎಂಬ ಅರ್ಥದ ‘ಕಾರ್ಬಂಕಲ್’ ಒಂದು ಕೆಂಪು ರತ್ನಕ್ಕೂ ಹೆಸರಾಯಿತು, ಕೆಂಪಗೆ ಉರಿಯುವ ಕುರುವಿಗೂ ಹೆಸರಾಯಿತು. ಗ್ರೀಕಿನಲ್ಲಿ ಇದ್ದಿಲಿಗೆ ‘ಆಂಥ್ರಾಕ್ಸ್’. ಅದೇ ಹೆಸರಿನ ರೋಗ ತಗುಲಿದ ಚರ್ಮದ ಮೇಲೆ ಕಪ್ಪು ಹಕ್ಕಳೆ ಕಟ್ಟುತ್ತದೆ, ಹೆಸರು ಅಲ್ಲಿಂದ. ಗಟ್ಟಿ ಕಲ್ಲಿದ್ದಲು ಆಂಥ್ರಸೈಟ್ ಅದರ ದಾಯಾದಿ.

ಹೆಸರಿನ ಜೊತೆ ಕಸುಬೂ ಕೈಬದಲಾಯಿತು. ಇಂಗ್ಲಿಷಿನ ‘ಕಾಲಿಯರ್’ ಮೊದಲು ಕಾಡಿನಲ್ಲಿ ಇದ್ದಿಲು ಸುಡುವವನು. ಕಟ್ಟಿಗೆಯನ್ನು ಗೋಪುರದಂತೆ ಒಟ್ಟಿ, ಮೇಲೆ ಹುಲ್ಲುಹೆಂಟೆ, ಮಣ್ಣು ಮುಚ್ಚಿ, ಒಳಗೆ ಬೆಂಕಿ ಇಟ್ಟು, ದಿನಗಟ್ಟಲೆ ನಿದ್ದೆಗೆಟ್ಟು ಕಾಯುತ್ತಿದ್ದ. ನೀರಿನಂಶ ಹೋಗುವಾಗ ದಟ್ಟ ಬಿಳಿ ಹೊಗೆ; ಅದು ತೆಳ್ಳಗಾಗಿ ನೀಲಿಗೆ ತಿರುಗಿದರೆ ಇದ್ದಿಲು ಆಗಿದೆಯೆಂದು ಲೆಕ್ಕ. ಮಣ್ಣು ಬಿರುಕು ಬಿಟ್ಟು ಗಾಳಿ ನುಗ್ಗಿದರೆ ಬೂದಿಯೇ ಗತಿ. 1709ರಲ್ಲಿ ಅಬ್ರಹಾಂ ಡಾರ್ಬಿ ಇಂಗ್ಲೆಂಡಿನ ಕೋಲ್‌ಬ್ರೂಕ್‌ಡೇಲಿನಲ್ಲಿ ಇದ್ದಿಲಿನ ಬದಲು, ಕಲ್ಲಿದ್ದಲನ್ನು ಗಾಳಿ ತಾಗದಂತೆ ಕಾಯಿಸಿ ಮಾಡಿದ ಕೋಕ್ ಬಳಸಿ ಕಬ್ಬಿಣ ಕರಗಿಸಿದ. ಆಮೇಲೆ ಕಬ್ಬಿಣದ ಕುಲುಮೆಗಳು ಒಂದೊಂದಾಗಿ ಕಾಡಿನ ಕಡೆ ನೋಡುವುದನ್ನು ಬಿಟ್ಟವು. ಈಗ ಕಾಲಿಯರ್ ಎಂದರೆ ಕಲ್ಲಿದ್ದಲು ಗಣಿಯ ಕಾರ್ಮಿಕ.

ಚೆನ್ನಾಗಿ ಸುಟ್ಟ ಇದ್ದಿಲನ್ನು ಗಟ್ಟಿ ನೆಲಕ್ಕೆ ಬೀಳಿಸಿದರೆ ಟಣ್ ಎನ್ನುತ್ತದೆ. ಮುರಿದು ಬೆಳಕಿಗೆ ಹಿಡಿದರೆ ಮರದ ವರ್ಷದ ಉಂಗುರಗಳು ಹಾಗೇ ಇರುತ್ತವೆ. ಸಾವಿರಾರು ವರ್ಷ ಹಿಂದಿನ ಒಲೆಯ ಇದ್ದಿಲನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಉರಿದದ್ದು ಯಾವ ಜಾತಿಯ ಮರ ಎಂದು ಪುರಾತತ್ವಜ್ಞರು ಗುರುತಿಸುವುದು ಹೀಗೆಯೇ.